ಕಡಲಿನ ಋಣ

ತಾನು ಕೆಡಿಸದ ವಸ್ತುವನ್ನು ಸರಿಪಡಿಸುವ ಹೊಣೆ ಮನುಷ್ಯನಿಗೆ ಉಂಟೇ? ನೆರೆಯವನ ಗೋಡೆಯನ್ನು ನಾವು ಕೆಡವಿದ್ದರೆ ಕಟ್ಟಿಕೊಡಬೇಕು. ಕೆಡವದಿದ್ದರೆ ಕಟ್ಟಿಕೊಡುವುದು ಉಪಕಾರವೇ ಹೊರತು ಕರ್ತವ್ಯವಲ್ಲ. ವ್ಯವಹಾರದ ನ್ಯಾಯ ಇಷ್ಟೇ. ಆದರೆ ಯಾರೊಬ್ಬರ ಸೊತ್ತೂ ಅಲ್ಲದ, ಎಲ್ಲರೂ ಅಷ್ಟಿಷ್ಟು ಕೆಡಿಸಿರುವ, ಇಂಥವನೇ ಕೆಡಿಸಿದನೆಂದು ಬೆರಳಿಟ್ಟು ತೋರಿಸಲಾಗದ ವಸ್ತುವಿಗೆ ಈ ನ್ಯಾಯ ಸಾಲದು. ಕಡಲು ಅಂಥ ವಸ್ತು.

ಗೋವೆಯಲ್ಲಿ ನೆಲೆಸಿದ ಕನ್ನಡಿಗರಲ್ಲಿ ಬಹುಮಂದಿ ಬಯಲುಸೀಮೆಯಿಂದ ಬಂದವರು. ಕಡಲು ಮೀನುಗಾರರದು, ಹಡಗಿನವರದು, ಸರಕಾರದ್ದು. ನಮಗೂ ಅದಕ್ಕೂ ಏನು ಸಂಬಂಧವೆಂದು ಅವರು ಕೇಳಿದರೆ ಆಶ್ಚರ್ಯವಿಲ್ಲ. ಇದಕ್ಕೆ ಭೂಗೋಳದ ಪಾಠವೇ ಉತ್ತರ ಕೊಡುತ್ತದೆ. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ ಹುಟ್ಟುವ ಮಹದಾಯಿಯು ಪಶ್ಚಿಮಕ್ಕೆ ಇಳಿದು, ಮಾಂಡವಿಯೆನಿಸಿ, ಪಣಜಿಯ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತಾಳೆ. ಅದೇ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯು ಪೂರ್ವಕ್ಕೆ ಹರಿದು, ಕೃಷ್ಣೆಯನ್ನು ಕೂಡಿ, ಬಂಗಾಳ ಕೊಲ್ಲಿಯನ್ನು ಮುಟ್ಟುತ್ತಾಳೆ. ಒಂದೇ ತಾಲ್ಲೂಕಿನ ಮಳೆ ಎರಡು ಕಡಲುಗಳ ಪಾಲಾಗುತ್ತದೆ. ನೀರು ಹೋದಲ್ಲಿಗೆ ಹೊಲದ ಗೊಬ್ಬರವೂ ಊರ ಚರಂಡಿಯ ಕೊಳೆಯೂ ಹೋಗುತ್ತವೆ. ಕಡಲನ್ನು ಕಣ್ಣಾರೆ ಕಾಣದವನೂ ಕಡಲಿಗೆ ಅಪರಿಚಿತನಲ್ಲ.

ಇದು ಬರಿಯ ಮಾತಲ್ಲವೆಂಬುದನ್ನು ತೋರಿಸಿಕೊಟ್ಟವರು ಸಮುದ್ರವಿಜ್ಞಾನಿಗಳು. ೧೯೬೨ರಿಂದ ೧೯೬೫ರವರೆಗೆ ಹಲವು ದೇಶಗಳ ಹಡಗುಗಳು ಹಿಂದೂ ಮಹಾಸಾಗರವನ್ನು ಒಟ್ಟಾಗಿ ಪರಿಶೋಧಿಸಿದುವು. ಅದರ ಫಲವಾಗಿ ೧೯೬೬ರ ಜನವರಿ ೧ರಂದು ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆ ಸ್ಥಾಪಿತವಾಯಿತು; ಡಾ. ಎನ್. ಕೆ. ಪಣಿಕ್ಕರ್ ಅದರ ಮೊದಲ ನಿರ್ದೇಶಕರು. ಇಂದು ಅದರ ಕೇಂದ್ರ ನಮ್ಮ ದೋನಾ ಪಾವ್ಲಾದಲ್ಲಿದೆ. ಅಲ್ಲಿಯ ಡಾ. ಎಸ್. ಡಬ್ಲ್ಯೂ. ಎ. ನಕ್ವಿ ಮತ್ತು ಸಹೋದ್ಯೋಗಿಗಳು ೨೦೦೦ದಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಂದು ಸಂಗತಿಯನ್ನು ಪ್ರಕಟಿಸಿದರು. ಮಳೆಗಾಲದಲ್ಲಿ ಕಡಲಾಳದ ನೀರು ಪಶ್ಚಿಮ ಕರಾವಳಿಯ ಅಂಚಿಗೆ ಏರಿ ಬಂದಾಗ ತಳದ ನೀರಿನಲ್ಲಿ ಆಮ್ಲಜನಕ ಕ್ಷೀಣಿಸುತ್ತದೆ. ಇದು ಪ್ರಕೃತಿಸಹಜ. ಆದರೆ ನೆಲದಿಂದ ಹರಿದು ಬರುವ ಸಾರಜನಕದಿಂದ ಈ ಕೊರತೆ ತೀವ್ರವಾಗುತ್ತಿರಬಹುದೆಂದು ಅವರು ಎಚ್ಚರಿಸಿದರು. ಹೊಲದಲ್ಲಿ ಗೊಬ್ಬರ ಚೆಲ್ಲಿದ ಯಾವ ರೈತನೂ ಮೀನಿನ ಉಸಿರು ಕಟ್ಟಿಸಬೇಕೆಂದು ಎಣಿಸಿದವನಲ್ಲ. ಸಂಕಲ್ಪವಿಲ್ಲದೆಯೂ ಕೇಡು ಸಂಭವಿಸಬಲ್ಲುದು. ಸಂಕಲ್ಪವಿರಲಿಲ್ಲವೆಂದ ಮಾತ್ರಕ್ಕೆ ಋಣ ತೀರದು.

ಕೇಡನ್ನು ಅರಿತ ಮೇಲೆ ಸರಿಪಡಿಸುವ ಬಗೆ ಹೇಗೆ? ಕಾಂಡ್ಲಾ ಕಾಡುಗಳ ಕಥೆ ಇದಕ್ಕೆ ನಿದರ್ಶನ. ಉಬ್ಬರದ ಉಪ್ಪುನೀರು ಬಂದು ಹೋಗುವ ಕೆಸರಿನಲ್ಲಿ ಬೆಳೆಯುವ ಈ ಮರಗಳು ದಡವನ್ನು ಹಿಡಿದಿಡುತ್ತವೆ. ಸಿಗಡಿಗೂ ಮೀನಿನ ಮರಿಗಳಿಗೂ ತೊಟ್ಟಿಲಾಗುತ್ತವೆ. ಸೌದೆಗೆಂದೂ ಕಟ್ಟಡಕ್ಕೆಂದೂ ಅವನ್ನು ಕಡಿದುದುಂಟು. ದೋನಾ ಪಾವ್ಲಾದ ಸಂಸ್ಥೆಯಲ್ಲಿದ್ದ ಡಾ. ಅರವಿಂದ ಉಂಟವಾಲೆಯವರು ಈ ಕಾಡುಗಳ ಅಭ್ಯಾಸಕ್ಕೂ ಪುನರುಜ್ಜೀವನಕ್ಕೂ ತಮ್ಮ ವಿದ್ಯೆಯನ್ನು ಮುಡಿಪಾಗಿಟ್ಟವರು. ಕೆಲವು ಜಾತಿಯ ಕಾಂಡ್ಲದ ಬೀಜ ಮರದಲ್ಲಿದ್ದಾಗಲೇ ಮೊಳೆತು ನುಗ್ಗೆಕಾಯಿಯಂತೆ ಜೋಲುತ್ತದೆ. ಅದನ್ನು ಆಯ್ದು, ಸಸಿಮಡಿಯಲ್ಲಿ ಬೆಳೆಸಿ, ಕೆಸರಿನಲ್ಲಿ ನೆಡುತ್ತಾರೆ. ಆದರೆ ನೆಟ್ಟ ಮಾತ್ರಕ್ಕೆ ಕಾಡಾಗುವುದಿಲ್ಲ. ಉಬ್ಬರದ ಎತ್ತರವೆಷ್ಟು, ನೀರಿನ ಉಪ್ಪೆಷ್ಟು, ಕೆಸರಿನ ಗುಣವೇನು ಎಂಬುದನ್ನು ಮೊದಲು ತಿಳಿಯಬೇಕು. ಎಷ್ಟೋ ಕಡೆ ತಡೆದಿದ್ದ ಉಬ್ಬರದ ನೀರಿಗೆ ದಾರಿ ಬಿಟ್ಟರೆ ಕಾಂಡ್ಲ ತಾನಾಗಿಯೇ ಮರಳುತ್ತದೆ. ಮನುಷ್ಯನು ಮಾಡಬೇಕಾದುದು ಅಡ್ಡಿಯನ್ನು ತೆಗೆದು ತಾಳ್ಮೆಯಿಂದ ಕಾಯುವುದು. ಮಕ್ಕಳಿಗೆ ಕಲಿಸುವ ನಮಗೆ ಈ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಾಂಡವಿಯ ನಡುವಣ ಚೊರಾಂವ್ ನಡುಗಡ್ಡೆಯ ತುದಿಯಲ್ಲಿ ಕೇವಲ ೧.೭೮ ಚದರ ಕಿಲೋಮೀಟರಿನ ಸಲೀಂ ಅಲಿ ಪಕ್ಷಿಧಾಮವಿದೆ. ೧೯೮೮ರಲ್ಲಿ ಘೋಷಿತವಾದ ಈ ಧಾಮವೆಲ್ಲ ಕಾಂಡ್ಲಾ ಕಾಡೇ. ವಿದ್ಯಾರ್ಥಿಗಳನ್ನು ಕರೆದೊಯ್ದು ತೋರಿಸತಕ್ಕ ಸ್ಥಳವದು.

ಆದರೆ ಇಲ್ಲಿ ಎರಡು ತೊಡಕುಗಳಿವೆ. ಮೊದಲನೆಯದು ನ್ಯಾಯದ್ದು. ಉತ್ತರ ಕನ್ನಡದಲ್ಲಿ ಗಜನಿಯೆಂದೂ ಗೋವೆಯಲ್ಲಿ ಖಜಾನವೆಂದೂ ಕರೆಯುವ ಗದ್ದೆಗಳನ್ನು ಹಿರಿಯರು ಕಟ್ಟೆ ಕಟ್ಟಿ ಕಡಲಿನಿಂದ ಪಡೆದುಕೊಂಡರು. ಕಟ್ಟೆ ಒಡೆದರೆ ಉಪ್ಪುನೀರು ನುಗ್ಗುತ್ತದೆ, ಹಿಂದೆಯೇ ಕಾಂಡ್ಲ ಬೆಳೆಯುತ್ತದೆ. ಕಡಲಿಗೆ ಹಿತವಾದ ಕಾಡು ಆ ರೈತನಿಗೆ ಕಳೆಯಾಗುತ್ತದೆ. ಋಣವು ಎಲ್ಲರದಾಗಿರುವಾಗ ಅದರ ಭಾರವನ್ನು ಬಡವನೊಬ್ಬನ ತಲೆಗೆ ಹೊರಿಸುವುದು ಧರ್ಮವಲ್ಲ. ಅವನ ಕಟ್ಟೆಯನ್ನು ಕಾಲಕಾಲಕ್ಕೆ ದುರಸ್ತಿ ಮಾಡಿಸುವುದೂ ಸಮಾಜವು ಸಲ್ಲಿಸಬೇಕಾದ ಋಣದ ಒಂದು ಕಂತೇ ಆಗಿದೆ.

ಎರಡನೆಯ ತೊಡಕು ಇನ್ನೂ ಸೂಕ್ಷ್ಮವಾದುದು. ಮತ್ತೆ ನೆಡಬಹುದೆಂಬ ಜ್ಞಾನವೇ ಕಡಿಯುವವನಿಗೆ ಧೈರ್ಯ ಕೊಡುತ್ತದೆ. ಇಲ್ಲಿ ನೂರು ಮರ ಕಡಿದು ಅಲ್ಲಿ ಸಾವಿರ ಸಸಿ ನೆಟ್ಟರೆ ಲೆಕ್ಕ ಸರಿಯಾಯಿತೆಂದು ಅವನು ವಾದಿಸುವನು. ಈ ವಾದ ನಿಲ್ಲದು. ಔಷಧವಿದೆಯೆಂದು ವಿಷ ಕುಡಿಯುವವರುಂಟೇ? ಸಸಿಯು ಮರವಾಗುವವರೆಗೆ ಮೀನಿನ ಮರಿಗೆ ನೆಲೆಯೆಲ್ಲಿ? ೧೯೯೧ರ ಕರಾವಳಿ ನಿಯಂತ್ರಣ ಅಧಿಸೂಚನೆಯು ಕಾಂಡ್ಲಾ ಕಾಡುಗಳನ್ನು ಅತಿಸೂಕ್ಷ್ಮ ವಲಯಕ್ಕೆ ಸೇರಿಸಿದುದು ಇದ್ದುದನ್ನು ಕಾಯುವುದಕ್ಕಾಗಿಯೇ.

ಮತ್ತೆ ಕೆಲವು ವಸ್ತುಗಳು ಮರಳಿ ಬಾರದೇ ಇರುವಂಥವು. ೧೯೮೧ರ ಜನವರಿ ೨೬ರಂದು 'ಗವೇಷಣಿ' ಹಡಗಿನಲ್ಲಿ ನಮ್ಮ ವಿಜ್ಞಾನಿಗಳು ಸಾಗರದ ತಳದಿಂದ ಲೋಹದ ಗಂಟುಗಳನ್ನು ಮೇಲೆತ್ತಿದರು. ಅಂಥ ಗಂಟು ಹತ್ತು ಲಕ್ಷ ವರ್ಷಗಳಲ್ಲಿ ಕೆಲವೇ ಮಿಲಿಮೀಟರು ಬೆಳೆಯುವುದು. ಅದನ್ನು ತೆಗೆದರೆ ಏನಾಗುವುದೆಂದು ತಿಳಿಯಲು ಅದೇ ಸಂಸ್ಥೆಯವರು ೧೯೯೭ರಲ್ಲಿ ತಳದ ಒಂದು ಭಾಗವನ್ನು ಬೇಕೆಂದೇ ಕದಡಿ, ಅಲ್ಲಿಯ ಜೀವಿಗಳ ಚೇತರಿಕೆಯನ್ನು ವರ್ಷಗಳ ಕಾಲ ಪರೀಕ್ಷಿಸಿದರು. ಸಂಪತ್ತನ್ನು ಕಂಡವರೇ ಅದರ ಬೆಲೆಯನ್ನೂ ಅಳೆಯಹೊರಟದ್ದು ಮೆಚ್ಚತಕ್ಕ ಸಂಗತಿ. ಇದು ತಿದ್ದಬಹುದು, ಇದು ತಿದ್ದಲಾಗದು ಎಂಬ ಎರಡು ಮಾತುಗಳನ್ನೂ ನಿರ್ಭಯವಾಗಿ ಹೇಳುವುದೇ ವಿಜ್ಞಾನಿಯ ಧರ್ಮ. ಎರಡನೆಯ ಮಾತನ್ನು ಕೇಳಿ ಕೈಯನ್ನು ತಡೆಯುವುದು ಸಮಾಜದ ಧರ್ಮ.

ನಮ್ಮ ಹಿರಿಯರು ಹೇಳಿದ ಪಂಚಮಹಾಯಜ್ಞಗಳಲ್ಲಿ ಭೂತಯಜ್ಞವೂ ಒಂದು. ಕಾಗೆಗೂ ಇರುವೆಗೂ ಒಂದು ತುತ್ತನ್ನು ಇಡುವಾಗ ಗೃಹಸ್ಥನು, ಇವಕ್ಕೆ ನಾನೇನು ಕೆಡುಕು ಮಾಡಿದೆನೆಂದು ಕೇಳಲಿಲ್ಲ. ತಾನು ಬದುಕಿರುವುದೇ ಸಕಲ ಜೀವಿಗಳ ಋಣದಿಂದ ಎಂದು ತಿಳಿದಿದ್ದನು. ಮೊದಲಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ. ಕಡಲಿನಿಂದೆದ್ದ ಮೋಡದ ಮಳೆಯನ್ನು ಕುಡಿದು ಬಾಳುವವರು ಕೆಡಿಸಿದವರ ಪಟ್ಟಿಯಲ್ಲಿ ಇಲ್ಲದಿದ್ದರೂ, ಪಡೆದವರ ಪಟ್ಟಿಯಲ್ಲಿ ಇದ್ದೇ ಇದ್ದಾರೆ. ಪಡೆದವನಿಗೆ ಹೊಣೆ ತಪ್ಪದು. ಈ ಹೊಣೆಯು ದೊಡ್ಡ ವಿದ್ಯೆಯಿದ್ದವರಿಗೆ ಮಾತ್ರ ಸೇರಿದುದಲ್ಲ. ಶಾಲೆಯ ಮುಂದಿನ ಚರಂಡಿಗೆ ಕಸ ಚೆಲ್ಲದಂತೆ ಕೈ ತಡೆಯುವ ಬಾಲಕನೂ ತನ್ನ ಪಾಲಿನ ಕಂತನ್ನು ಸಲ್ಲಿಸಿದವನೇ ಸರಿ.