ಬೆರಳು ಮುಂದೆ, ಮನಸ್ಸು ಹಿಂದೆ



"ನನ್ನ ದುಡಿಮೆಯ ಹಣ, ನನಗೆ ಇಷ್ಟವಾದ ವಸ್ತು, ಕೊಂಡೆ. ಇದರಲ್ಲಿ ಪಾಪವೇನು ಬಂತು?" ಆನ್‌ಲೈನ್ ಖರೀದಿಯ ಮಾತು ಬಂದಾಗಲೆಲ್ಲ ಈ ಪ್ರಶ್ನೆ ಏಳುತ್ತದೆ. ಪ್ರಶ್ನೆ ನ್ಯಾಯವಾದದ್ದೇ. ಕೊಳ್ಳುವುದು ಪಾಪವಲ್ಲ. ಮಕ್ಕಳಿಗೆ ಹಬ್ಬಕ್ಕೊಂದು ಒಳ್ಳೆಯ ಬಟ್ಟೆ ತರುವುದು ಪ್ರೀತಿಯ ಕೆಲಸವೇ ಹೌದು. ಆದರೆ ಕಾಲಿಗೆ ಹಾಕದ ಮೂರನೆಯ ಜೊತೆ ಚಪ್ಪಲಿ, ಒಂದೇ ದಿನ ಬಳಸಿದ ಅಡುಗೆಯ ಯಂತ್ರ, ಮನೆಯವರಿಗೆ ಕಾಣದಂತೆ ಬೀರುವಿನಲ್ಲಿ ಬಚ್ಚಿಟ್ಟ ಪಾರ್ಸೆಲ್ಲು, ಇವನ್ನೆಲ್ಲ ನಾವು ನಿಜವಾಗಿಯೂ ಯೋಚಿಸಿ ಕೊಂಡೆವೇ?

ಸಂತೆಗೆ ಹೋಗುವವರಿಗೆ ಆಸೆಗೂ ಖರೀದಿಗೂ ನಡುವೆ ಸ್ವಲ್ಪ ದಾರಿ ಇರುತ್ತದೆ. ನಡೆಯಬೇಕು, ಮುಟ್ಟಿ ನೋಡಬೇಕು, ಚೌಕಾಸಿ ಮಾಡಬೇಕು, ನೋಟು ಎಣಿಸಿ ಕೊಡಬೇಕು. ಅಷ್ಟರಲ್ಲಿ ಬುದ್ಧಿ ಎಚ್ಚರವಾಗುತ್ತದೆ. ಮೊಬೈಲಿನಲ್ಲಿ ಆ ದಾರಿಯನ್ನೇ ತೆಗೆದುಹಾಕಿದ್ದಾರೆ. ಒಂದೇ ಒತ್ತಿಗೆ ಖರೀದಿ ಮುಗಿಯುವ ವಿಧಾನಕ್ಕೆ ಅಮೆಜಾನ್ 1999ರಲ್ಲೇ ಅಮೆರಿಕದಲ್ಲಿ ಪೇಟೆಂಟ್ ಪಡೆದಿತ್ತು. 2020ರಿಂದ ಅಮೆಜಾನ್, ಫ್ಲಿಪ್‌ಕಾರ್ಟ್ ಎರಡೂ ಕನ್ನಡದಲ್ಲೇ ಮಾತಾಡುತ್ತಿವೆ. ಕಚೇರಿಯ ಅರ್ಜಿಯಲ್ಲಿ, ಬಸ್ಸಿನ ಫಲಕದಲ್ಲಿ ನಮ್ಮ ಭಾಷೆಗಾಗಿ ಹುಡುಕುವ ಗಡಿನಾಡಿನವರಿಗೆ ಅದು ಹಿತವೆನಿಸುವುದು ಸಹಜ. ಆದರೆ ನಮ್ಮ ಭಾಷೆಯಲ್ಲಿ ಕರೆದವರೆಲ್ಲ ನಮ್ಮ ಹಿತ ಬಯಸುವವರಲ್ಲ. "ಎರಡೇ ಉಳಿದಿವೆ" ಎಂಬ ಸುಳ್ಳು ಅವಸರ, ಕೇಳದೆಯೇ ಬುಟ್ಟಿಗೆ ಸೇರುವ ವಸ್ತು, ಬೇಡವೆಂದವರನ್ನು ನಾಚಿಸುವ ಮಾತು, ಇಂಥ 13 ಬಗೆಯ ಮೋಸದ ತಂತ್ರಗಳನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ಹೆಸರಿಸಿ ನಿಷೇಧಿಸಿದೆ.

ಹಾಗಾದರೆ ತಪ್ಪು ಯಾರದು? ಬಲೆ ಹಾಕಿದವರದೋ, ಬಿದ್ದವರದೋ? ಅಭ್ಯಾಸಬಲ, ಅಜಾಗರೂಕತೆ, ಮಿತಿಮೀರಿದ ಮೋಹ ಇವು ಮನುಷ್ಯನ ಹೊಣೆಯನ್ನು ಕಡಿಮೆ ಮಾಡಬಲ್ಲವು ಎಂದು ಧರ್ಮಸಭೆಯ ಧರ್ಮೋಪದೇಶವೇ ಹೇಳುತ್ತದೆ. ಆದ್ದರಿಂದ ರಾತ್ರಿ ಹನ್ನೊಂದಕ್ಕೆ ದಣಿದ ಕಣ್ಣಿನಲ್ಲಿ ಏನೋ ಒತ್ತಿದವರನ್ನು ದೊಡ್ಡ ಪಾಪಿಗಳೆಂದು ತೀರ್ಮಾನಿಸುವುದು ಬೇಡ. ಆದರೆ ಅದೇ ಧರ್ಮಸಭೆ ಇನ್ನೊಂದು ಪಾಠವನ್ನೂ ಕಲಿಸಿದೆ: ಪಾಪವನ್ನು ಮಾತ್ರವಲ್ಲ, ಪಾಪಕ್ಕೆ ಎಳೆಯುವ ಸಂದರ್ಭವನ್ನೂ ದೂರವಿಡಬೇಕು. ಕುಡಿತ ಬಿಡಲು ಮನಸ್ಸು ಮಾಡಿದವನು ಗ್ಲಾಸು ಕೈಗೆ ಬಂದ ಮೇಲೆ ಹೋರಾಡುವುದಿಲ್ಲ. ಅಂಗಡಿಯ ಬೀದಿಯನ್ನೇ ಬಿಟ್ಟು ಬೇರೆ ದಾರಿ ಹಿಡಿಯುತ್ತಾನೆ. ನಮ್ಮ ಸ್ವಾತಂತ್ರ್ಯ ಇರುವುದೂ ಅಲ್ಲೇ. ಒತ್ತುವ ಕ್ಷಣದಲ್ಲಿ ಅದು ದುರ್ಬಲ. ಹಗಲಿನಲ್ಲಿ ಶಾಂತವಾಗಿ ಕುಳಿತಾಗ ಬಲವಾಗಿರುತ್ತದೆ.

ಸಂತ ಲೂಕರ ಶುಭಸಂದೇಶದ 14ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಗೋಪುರ ಕಟ್ಟುವವನ ಮಾತು ಹೇಳುತ್ತಾರೆ. ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕು. ಆ ಮಾತು ಶಿಷ್ಯತ್ವದ ಬೆಲೆಯ ಕುರಿತಾದದ್ದು. ಆದರೆ ಲೆಕ್ಕ ಹಾಕಲು ಕುಳಿತುಕೊಳ್ಳುವ ವ್ಯವಧಾನವಿಲ್ಲದವನು ಶಿಷ್ಯನಾಗುವುದಾದರೂ ಹೇಗೆ? ಇಂದು ಕೊಂಡು ಮುಂದೆ ಕಂತು ಕಟ್ಟುವ ಮನೆಯಲ್ಲಿ ಬೆಲೆ ತೆರುವವರು ಹೆಚ್ಚಾಗಿ ಬೇರೆಯವರು: ಶಾಲೆಯ ಫೀಸಿಗೆ ಕಾಯುವ ಮಕ್ಕಳು, ಔಷಧಿ ಮುಂದೂಡುವ ಅಜ್ಜಿ. ಬಚ್ಚಿಟ್ಟ ಪಾರ್ಸೆಲ್ಲಿನಿಂದ ಹಣಕ್ಕಿಂತ ಮೊದಲು ಸವೆಯುವುದು ಗಂಡ ಹೆಂಡಿರ ನಂಬಿಕೆ. ಕೊಳ್ಳುವುದು ಆರ್ಥಿಕ ಕ್ರಿಯೆ ಮಾತ್ರವಲ್ಲ, ನೈತಿಕ ಕ್ರಿಯೆಯೂ ಹೌದೆಂದು ಜಗದ್ಗುರು 16ನೇ ಬೆನೆಡಿಕ್ಟ್ 2009ರ ತಮ್ಮ ವಿಶ್ವಪತ್ರದಲ್ಲಿ ನೆನಪಿಸಿದ್ದು ಸುಮ್ಮನಲ್ಲ.

ಕಳೆದುಹೋದ ಆ ದಾರಿಯನ್ನು ನಾವೇ ಮತ್ತೆ ಹಾಕಿಕೊಳ್ಳಬಹುದು. ಕಾರ್ಡಿನ ವಿವರ ಮೊಬೈಲಿನಲ್ಲಿ ಉಳಿಸದಿರಿ. ರಿಯಾಯಿತಿಯ ಸೂಚನೆಗಳು ಬರದಂತೆ ಮಾಡಿ. ಬೇಕೆನಿಸಿದ್ದನ್ನು ಬುಟ್ಟಿಯಲ್ಲಿಟ್ಟು ಭಾನುವಾರದ ಪೂಜೆಯವರೆಗೆ ಕಾಯಿರಿ, ಮನೆಯವರಿಗೆ ಹೇಳಿ. ಆಮೇಲೂ ಬೇಕೆನಿಸಿದರೆ ಸಂತೋಷದಿಂದ ಕೊಳ್ಳಿ. ಬೇಡವೆನಿಸಿದರೆ ಆ ಹಣದಲ್ಲಿ ಒಂದು ಪಾಲು ಬಡವರ ಪೆಟ್ಟಿಗೆಗೆ ಹೋಗಲಿ. ಸಂಯಮವೆಂದರೆ ಜಿಪುಣತನವಲ್ಲ, ನಮ್ಮ ಆಸೆಗೆ ನಾವೇ ಯಜಮಾನರಾಗಿರುವುದು.

ಕೊನೆಯದಾಗಿ ಒಂದು ಮಾತು. ಮಕ್ಕಳು ದೂರದ ಊರಿಗೆ ಹೋಗಿ ಒಂಟಿಯಾದವರಲ್ಲಿ ಕೆಲವರಿಗೆ ವಾರದಲ್ಲಿ ಬಾಗಿಲು ತಟ್ಟುವವನು ಪಾರ್ಸೆಲ್ ತರುವ ಹುಡುಗನೊಬ್ಬನೇ. ಅಂಥವರಿಗೆ ಉಪದೇಶ ಸಾಲದು. ಅವರ ಮನೆಗೆ ನಾವೂ ಹೋಗೋಣ, ಸ್ವಲ್ಪ ಹೊತ್ತು ಕುಳಿತು ಮಾತಾಡಿ ಬರೋಣ.