ನೀರು ಹೊಕ್ಕ ವಾಚು ಮತ್ತು ‘ಅದೇ’ ಎಂಬ ಮಾತು

ಕೀ ಕೊಡುವ ಕೈಗಡಿಯಾರದೊಳಗೆ ನೀರು ಹೊಕ್ಕರೆ ಮೊದಲು ಕಾಣುವುದು ಗಾಜಿನ ಒಳಮೈಗೆ ಕವಿದ ಮಂಜು. ಒಂದೆರಡು ದಿನದಲ್ಲಿ ಅದು ಆರಿಹೋಗಬಹುದು, ವಾಚು ನಡೆಯುತ್ತಲೂ ಇರಬಹುದು. ಕಟ್ಟಿಕೊಂಡವರು ಗಂಡಾಂತರ ಕಳೆಯಿತೆಂದುಕೊಳ್ಳುತ್ತಾರೆ. ಕೆಡುವುದು ಆಮೇಲೆ. ಕೀ ಗುಂಡಿಯ ರಬ್ಬರು ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ನೀರಿಗೆ ಅದೇ ಹೆಬ್ಬಾಗಿಲು. ಹಾಗಾಗಿ ಆ ಗುಂಡಿಯ ಕಡ್ಡಿ, ಅದಕ್ಕೆ ತಗುಲಿದ ಉಕ್ಕಿನ ಸಣ್ಣ ಸನ್ನೆಗಳು ಮೊದಲು ತುಕ್ಕು ಹಿಡಿಯುತ್ತವೆ. ಹಿತ್ತಾಳೆಯ ಚಕ್ರಗಳು ಒಂದಿಷ್ಟು ತಾಳಿಕೊಳ್ಳುತ್ತವೆ, ಕೃತಕ ಮಾಣಿಕ್ಯದ ಕಲ್ಲುಗಳಿಗೆ ಏನೂ ಆಗುವುದಿಲ್ಲ. ಉಕ್ಕಿನ ತುಕ್ಕು ಮಾತ್ರ ಎಣ್ಣೆಯೊಡನೆ ಬೆರೆತು ಸಾಣೆಯ ಹುಡಿಯಂತೆ ಮಿಕ್ಕ ಭಾಗಗಳನ್ನೂ ಸವೆಸುತ್ತದೆ. ಬ್ಯಾಲೆನ್ಸ್ ಚಕ್ರದ ಅಚ್ಚಿನ ತುದಿ ಸುಮಾರು ಮಿಲಿಮೀಟರಿನ ಹತ್ತನೇ ಒಂದು ಪಾಲಿನಷ್ಟೇ ದಪ್ಪ; ಅಲ್ಲಿ ಕಾಣಿಸಿದ ತುಕ್ಕು ಮೇಲ್ಮೈಯ ಕಲೆಯಾಗಿ ಉಳಿಯುವುದಿಲ್ಲ. ಸಮುದ್ರದ ನೀರಾದರಂತೂ ದಿನಗಳ ಮಾತಿಲ್ಲ, ಗಂಟೆಗಳ ಲೆಕ್ಕ. ಅದಕ್ಕೇ ಕಸುಬು ಬಲ್ಲವರು ವಾಚನ್ನು ಅಕ್ಕಿಡಬ್ಬಿಯಲ್ಲಿ ಹೂಳದೆ ಕೂಡಲೇ ಬಿಚ್ಚಿಸಿ ಎನ್ನುತ್ತಾರೆ.

ಬಿಚ್ಚಿ, ತೊಳೆದು, ತುಕ್ಕು ತಿಂದ ಭಾಗಗಳನ್ನು ತೆಗೆದು ಬೇರೆಯವನ್ನು ಹಾಕಿದ ಮೇಲೆ ವಾಚು ನಡೆಯುತ್ತದೆ. ಅದನ್ನು ‘ಅದೇ ವಾಚು’ ಎನ್ನುತ್ತೇವೆ. ಹೀಗೆನ್ನಲು ನಮಗೆ ಏನು ಹಕ್ಕು? ವಸ್ತುವಿನ ಗುರುತು ಅದರ ದ್ರವ್ಯದಲ್ಲಿದೆ ಎಂಬ ಉತ್ತರವನ್ನು ತುಕ್ಕೇ ಅಲ್ಲಗಳೆಯುತ್ತದೆ. ತುಕ್ಕು ಹಿಡಿದಾಗ ಕಬ್ಬಿಣ ಎಲ್ಲಿಗೂ ಹೋಗಿರುವುದಿಲ್ಲ. ಗಾಳಿಯ ಆಮ್ಲಜನಕ ಸೇರಿ ತೂಕ ಹೆಚ್ಚೇ ಆಗಿರುತ್ತದೆ. ಇದ್ದ ದ್ರವ್ಯವೆಲ್ಲ ಕೇಸಿನೊಳಗೇ ಇದೆ, ವಾಚು ಮಾತ್ರ ಸತ್ತಿದೆ. ಅತ್ತ ದ್ರವ್ಯ ಬದಲಾದ ಮೇಲೆಯೇ ಅದು ಬದುಕಿತು. ಹಾಗಾದರೆ ಗುರುತು ಕೆಲಸದಲ್ಲಿದೆಯೇ? ಅದೇ ಕೇಸಿಗೆ ಬ್ಯಾಟರಿಯ ಅಗ್ಗದ ಮೆಷಿನ್ ಕೂರಿಸಿದರೆ ಮುಂಚೆಗಿಂತ ಕರಾರುವಾಕ್ಕಾಗಿ ಸಮಯ ತೋರಿಸುತ್ತದೆ. ಆದರೂ ತಂದೆಯ ವಾಚನ್ನು ರಿಪೇರಿಗೆ ಕೊಟ್ಟ ಮಗಳು ಅದನ್ನು ಒಪ್ಪಿಕೊಳ್ಳುವುದಿಲ್ಲ. ಒಪ್ಪದಿರುವುದು ಬರಿಯ ಭಾವುಕತೆಯಲ್ಲ.

ಧರ್ಮಗಳಿಗೆ ಹೆಚ್ಚು ಪ್ರಿಯವಾದ ಉತ್ತರ ಮೂರನೆಯದು: ಎಲ್ಲ ಬದಲಾದರೂ ಒಳಗೊಂದು ತಿರುಳು ಬದಲಾಗದೆ ಉಳಿಯುತ್ತದೆ. ಪುರಿಯ ಜಗನ್ನಾಥನ ನವಕಳೇಬರದಲ್ಲಿ ಇದರ ಅತ್ಯಂತ ಮೂರ್ತ ರೂಪವಿದೆ. 1996ರಲ್ಲಿ, ಮತ್ತೆ 2015ರಲ್ಲಿ ಬೇವಿನ ಮರದ ಹೊಸ ವಿಗ್ರಹಗಳು ಬಂದವು. ಹಳೆಯವುಗಳಲ್ಲಿದ್ದ ಬ್ರಹ್ಮಪದಾರ್ಥವನ್ನು ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಸೇವಕರು ಹೊಸವಕ್ಕೆ ದಾಟಿಸಿದರು. ವಾಚಿನಲ್ಲಿ ಆ ಬ್ರಹ್ಮಪದಾರ್ಥ ಯಾವುದು? ಮುಖ್ಯ ಸ್ಪ್ರಿಂಗನ್ನು ಸರ್ವಿಸ್ ಮಾಡುವಾಗಲೇ ಬದಲಿಸುವುದುಂಟು. ಬ್ಯಾಲೆನ್ಸ್ ಬದಲಾಗುತ್ತದೆ, ಡಯಲ್ ಬದಲಾಗುತ್ತದೆ. ಎಲ್ಲವನ್ನೂ ಹೊತ್ತ ಅಡಿತಟ್ಟೆಯೇ ತಿರುಳು ಎನ್ನೋಣವೆಂದರೆ, ಅದೊಂದನ್ನೇ ತಟ್ಟೆಯಲ್ಲಿಟ್ಟು ‘ಇದೋ ನಿಮ್ಮ ವಾಚು’ ಎಂದು ಯಾರೂ ಕೊಡುವುದಿಲ್ಲ. ಅದೇತನಕ್ಕೆ ತಿರುಳು ಬೇಕಿಲ್ಲ ಎಂಬುದು ನನ್ನ ವಾದ. ಪ್ರತಿಯೊಂದು ಬಿಡಿಭಾಗ ಒಳಬರುವಾಗ ಅದನ್ನು ಅಳೆದು ಬರಮಾಡಿಕೊಳ್ಳುವ ಇಡಿಯೊಂದು ಅಲ್ಲಿ ಮೊದಲೇ ಇರಬೇಕು, ಅಷ್ಟೆ. ಬ್ಯಾಲೆನ್ಸಿನ ಹೊಸ ಅಚ್ಚನ್ನು ಡಬ್ಬಿಯಿಂದ ತೆಗೆದು ಸುಮ್ಮನೆ ಇಳಿಸಲಾಗದು. ಅದನ್ನು ಹಳೆಯ ಚಕ್ರಕ್ಕೆ ಬಿಗಿದು, ಚಕ್ರದ ತೂಕ ಎಲ್ಲ ಕಡೆ ಸಮವಾಗಿದೆಯೇ ಎಂದು ನೋಡಿ, ಟಿಕ್ಕಿಗೂ ಟಕ್ಕಿಗೂ ನಡುವಿನ ಹೊತ್ತು ಸರಿಸಮವಾಗುವಂತೆ ಹೇರ್‌ಸ್ಪ್ರಿಂಗನ್ನು ಹೊಂದಿಸಬೇಕು. ಗಂಟೆಗೆ 18,000 ಬಡಿತದ ಮೆಷಿನ್ ಎಂದರೆ ಸೆಕೆಂಡಿಗೆ ಐದು. ಹೊಂದದ ಭಾಗದ ಸುಳ್ಳು ಬೇಗ ಬಯಲಾಗುತ್ತದೆ.

ನ್ಯಾಯದರ್ಶನದ ನೈಯಾಯಿಕರು ಈ ವಾದಕ್ಕೆ ಅರ್ಧ ಒಪ್ಪಿ ಅರ್ಧ ತಕರಾರು ಮಾಡುತ್ತಾರೆ. ಅವಯವಗಳಿಗಿಂತ ಬೇರೆಯಾದ ಅವಯವಿ, ಅಂದರೆ ಇಡಿ, ನಿಜವಾಗಿ ಇದೆ ಎಂಬುದು ಅವರದೇ ಸಿದ್ಧಾಂತ. ಆದರೆ ಬಟ್ಟೆಯಿಂದ ಒಂದು ನೂಲು ಕಿತ್ತರೂ ಹಳೆಯ ಬಟ್ಟೆ ನಾಶವಾಯಿತು, ಈಗಿರುವುದು ಹೊಸದಾಗಿ ಹುಟ್ಟಿದ ಖಂಡಪಟ ಎನ್ನುತ್ತಾರೆ. ಆ ಲೆಕ್ಕದಲ್ಲಿ ಒಂದು ಸ್ಕ್ರೂ ಕಳಚಿದರೂ ವಾಚಿಗೆ ಮರುಹುಟ್ಟು. ತರ್ಕ ಅಚ್ಚುಕಟ್ಟಾಗಿದೆ, ಬೆಲೆ ದುಬಾರಿ: ರಿಪೇರಿ ಎಂಬ ಮಾತಿಗೇ ಅರ್ಥ ಉಳಿಯುವುದಿಲ್ಲ. ಹುಟ್ಟು, ಅಳಿವು, ಸ್ಥಿರತೆ ಮೂರೂ ಒಂದೇ ಸತ್ತಿನಲ್ಲಿ ಕೂಡಿರುತ್ತವೆ ಎಂಬ ಜೈನರ ನಿಲುವು ಇಲ್ಲಿ ಕಸುಬಿಗೆ ಹೆಚ್ಚು ಹತ್ತಿರ. ಬೌದ್ಧರ ಆಕ್ಷೇಪ ಇನ್ನೂ ಆಳದ್ದು. ಮಿನಾಂಡರ್ ದೊರೆಗೆ ಭಿಕ್ಷು ನಾಗಸೇನ ತೋರಿಸಿಕೊಟ್ಟಂತೆ ಗಾಲಿ, ಅಚ್ಚು, ನೊಗಗಳ ಆಚೆಗೆ ರಥ ಎಂಬುದು ಬರಿಯ ಹೆಸರು. ವಾಚೂ ಹಾಗೆಯೇ ಅಲ್ಲವೇ? ಹೆಸರೆಂದು ಒಪ್ಪೋಣ. ಆದರೆ ಹೆಸರು ನಮ್ಮ ಇಷ್ಟದಂತೆ ನಡೆಯಬೇಕಿತ್ತು. ಕೂದಲೆಳೆಯಷ್ಟು ಹೆಚ್ಚು ಉದ್ದವಾದ ಅಚ್ಚನ್ನು ವಾಚು ತಿರಸ್ಕರಿಸುವಾಗ, ಬೇಡವೆನ್ನುತ್ತಿರುವುದು ನಮ್ಮ ವ್ಯವಹಾರವಲ್ಲ.

ನಿಜವಾದ ತೊಡಕು ಹಳೆಯ ಎಚ್‌ಎಂಟಿಗಳ ಮಾರುಕಟ್ಟೆಯಲ್ಲಿದೆ. ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಆ ತಯಾರಿಕೆ ನಿಂತುಹೋಗಿ, 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚುವ ತೀರ್ಮಾನವಾಯಿತು. ಹೀಗಾಗಿ ‘ಜನತಾ’ದಂಥ ವಾಚಿಗೆ ಭಾಗ ಬೇಕೆಂದರೆ ಸಾಮಾನ್ಯವಾಗಿ ಸತ್ತ ಇನ್ನೊಂದರಿಂದಲೇ ಬರಬೇಕು. ಮೂರು ಸತ್ತ ವಾಚುಗಳನ್ನು ಕೂಡಿಸಿ, ಡಯಲಿಗೆ ಹೊಸ ಬಣ್ಣ ಬಳಿದು ಮಾರುವವರಿದ್ದಾರೆ. ಅದರ ಭಾಗಗಳೂ ಹೊಂದಿಕೊಂಡಿವೆ, ಅದೂ ನಡೆಯುತ್ತದೆ. ಅದು ಯಾರ ವಾಚು? ಯಾರದೂ ಅಲ್ಲ, ಹೊಸದು. ರಿಪೇರಿಯಲ್ಲಿ ಬಂದ ಭಾಗಕ್ಕೆ ಕಾದಿರುವ ಮನೆಯಿತ್ತು. ಇಲ್ಲಿ ಬಂದವರೆಲ್ಲ ಅತಿಥಿಗಳು, ಮನೆಯವರೇ ಇಲ್ಲ. ಗ್ರೀಕ್ ಕಥೆಯ ಥೀಸಿಯಸನ ಹಡಗಿನ ಹಲಗೆಗಳನ್ನು ಒಂದೊಂದಾಗಿ ಬದಲಿಸುತ್ತ, ತೆಗೆದ ಹಳೆಯವನ್ನೆಲ್ಲ ಕೂಡಿಟ್ಟು ಮತ್ತೆ ಜೋಡಿಸಿದರೆ ಯಾವುದು ಮೂಲ ಹಡಗು ಎಂದು ತತ್ತ್ವಜ್ಞಾನಿ ಹಾಬ್ಸ್ ಕೇಳಿದ. ತುಕ್ಕು ಹಿಡಿದ ಭಾಗಗಳ ಗುಡ್ಡೆಯನ್ನು ಮುಂದಿಟ್ಟಿದ್ದರೆ ಆ ಪ್ರಶ್ನೆಗೆ ಅಷ್ಟು ಧೈರ್ಯ ಬರುತ್ತಿರಲಿಲ್ಲವೇನೋ.

ಆದರೆ ನನ್ನ ವಾದದಲ್ಲೂ ಒಂದು ಬಿರುಕಿದೆ. ಪೂರ್ತಿ ಬಿಚ್ಚಿ ತೊಳೆಯಲು ಹಾಕಿದಾಗ ಮೇಜಿನ ಮೇಲೆ ಇಡಿ ಎಂಬುದು ಎಲ್ಲಿರುತ್ತದೆ? ದೇಗುಲದ ಜೀರ್ಣೋದ್ಧಾರದಲ್ಲಿ ಆಗಮದವರು ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಿಲ್ಲ. ಗರ್ಭಗುಡಿಗೆ ಕೈಹಚ್ಚುವ ಮೊದಲು ಸಾನ್ನಿಧ್ಯವನ್ನು ಕಲಶಕ್ಕೆ ಕರೆದುಕೊಳ್ಳುತ್ತಾರೆ, ಕೆಲಸ ಮುಗಿಯುವತನಕ ಬಾಲಾಲಯವೆಂಬ ತಾತ್ಕಾಲಿಕ ಗುಡಿಯಲ್ಲಿ ಪೂಜೆ ನಡೆಯುತ್ತದೆ. ವಾಚಿಗೆ ಅಂಥ ಕಲಶ ರಿಪೇರಿಯವರೇ. ಅಷ್ಟು ಹೊತ್ತು ಇಡಿ ಇರುವುದು ಅವರ ನೆನಪಿನಲ್ಲಿ, ಸ್ಕ್ರೂಗಳನ್ನು ಅವರು ಜೋಡಿಸಿಟ್ಟ ಕ್ರಮದಲ್ಲಿ. ಇದನ್ನು ಒಪ್ಪಿದರೆ ಅದೇತನ ವಸ್ತುವಿನೊಳಗೆ ಮಾತ್ರ ಇಲ್ಲ, ಅದನ್ನು ಹಿಡಿದುಕೊಂಡಿರುವ ಇನ್ನೊಬ್ಬರಲ್ಲೂ ಇದೆ ಎಂದು ಒಪ್ಪಿದಂತಾಯಿತು, ಒಪ್ಪುತ್ತೇನೆ. ಅವರು ಕೆಲಸವನ್ನು ನಡುವೆಯೇ ಬಿಟ್ಟುಹೋದರೆ, ಡಬ್ಬಿಯಲ್ಲಿ ಇನ್ನೊಂದು ‘ಜನತಾ’ದ ಭಾಗಗಳೂ ಬೆರೆತಿದ್ದರೆ, ಮುಂದೆ ತೆರೆದು ನೋಡುವವರಿಗೆ ಯಾವ ಕಡ್ಡಿ ಯಾವ ತಟ್ಟೆಯದೆಂದು ಹೇಳಲು ಉಳಿಯುವ ಸಾಕ್ಷಿ ಬಹುಶಃ ಒಂದೇ: ಎರಡರ ಮೇಲೂ ಒಂದಕ್ಕೊಂದು ಕೂಡುವಂತೆ ಬಿದ್ದ ತುಕ್ಕಿನ ಕಲೆ.