ಆಲಿಸುವ ಋಣ

ಅಮೆರಿಕದ ಅಯೋವಾ ರಾಜ್ಯದಲ್ಲಿ ಒಂದು ಕಾಲಕ್ಕೆ ಹೇಬಿಯಸ್ ಕಾರ್ಪಸ್ ಅರ್ಜಿ ಸಲ್ಲಿಸಲು 4 ಡಾಲರ್ ಶುಲ್ಕವಿತ್ತು. ದೊಡ್ಡ ಮೊತ್ತವೇನಲ್ಲ. ಆದರೆ ತನ್ನನ್ನು ಅಕ್ರಮವಾಗಿ ಕೂಡಿಹಾಕಿದ್ದಾರೆ ಎಂದು ಹೇಳಿಕೊಳ್ಳಲು ಹೊರಟ ಕೈದಿಯ ಬಳಿ ಅಷ್ಟೂ ಇಲ್ಲದಿದ್ದರೆ ಅವನ ಅರ್ಜಿ ದಾಖಲಾಗುತ್ತಲೇ ಇರಲಿಲ್ಲ. ಬಡ ಕೈದಿಗೂ ಅವನು ಬಿಡುಗಡೆ ಕೇಳುವ ಹಕ್ಕಿಗೂ ನಡುವೆ ಹಣವನ್ನು ತಂದು ನಿಲ್ಲಿಸುವುದು ಕಾನೂನಿನ ಸಮಾನ ರಕ್ಷಣೆಯನ್ನೇ ನಿರಾಕರಿಸಿದಂತೆ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1961ರಲ್ಲಿ, ಸ್ಮಿತ್ ವಿರುದ್ಧ ಬೆನೆಟ್ ಪ್ರಕರಣದಲ್ಲಿ, ತೀರ್ಪಿತ್ತಿತು.

ಇಂಥ ಶುಲ್ಕ ವಿನಾಯಿತಿಯನ್ನು ನಾವು ಬಡವನಿಗೆ ತೋರಿದ ಕರುಣೆ ಎಂದು ಭಾವಿಸುತ್ತೇವೆ. ನಿಜಕ್ಕೂ ಅದು ಕರುಣೆಯೇ? ಅವನನ್ನು ಒಳಗಿಟ್ಟದ್ದು ಪ್ರಭುತ್ವ. ಅವನ ದುಡಿಮೆಯನ್ನೂ, ಪರಿಚಯದವರ ಬಳಿ ಹೋಗಿ ಕೈಸಾಲ ಕೇಳುವ ಅವಕಾಶವನ್ನೂ ಕಿತ್ತುಕೊಂಡದ್ದು ಅದೇ ಪ್ರಭುತ್ವ. ಹಾಗಿರುವಾಗ, ತನ್ನನ್ನು ಯಾವ ಕಾರಣಕ್ಕೆ ಹಿಡಿದಿಟ್ಟಿದ್ದೀರಿ ಎಂದು ಅವನು ಕೇಳಿದರೆ ಮೊದಲು ಹಣ ಕಟ್ಟು ಎನ್ನುವುದು ಯಾವ ಧರ್ಮ?

ಶುಲ್ಕವಿಲ್ಲದಿದ್ದರೆ ಹುರುಳಿಲ್ಲದ ಅರ್ಜಿಗಳು ರಾಶಿ ಬೀಳುತ್ತವೆ ಎಂಬ ಆತಂಕವನ್ನು ತಳ್ಳಿಹಾಕುವಂತಿಲ್ಲ; ನ್ಯಾಯಾಧೀಶರ ಸಮಯಕ್ಕೂ ಮಿತಿಯುಂಟು. ಆದರೆ ಹುರುಳಿದೆಯೋ ಇಲ್ಲವೋ ಎಂಬುದು ತಿಳಿಯುವುದು ಓದಿದ ಮೇಲಲ್ಲವೇ? ಶುಲ್ಕವೆಂಬ ಜರಡಿಯಲ್ಲಿ ಉಳಿಯುವವರು ಕಾಸುಳ್ಳವರೇ ಹೊರತು ಸತ್ಯವಂತರಲ್ಲ. 1962ರಲ್ಲಿ ಫ್ಲಾರಿಡಾದ ಜೈಲಿನಿಂದ ಕ್ಲಾರೆನ್ಸ್ ಗಿಡಿಯನ್ ಎಂಬ ಕೈದಿ, ಜೈಲಿನ ನಿಯಮಗಳು ಅಚ್ಚಾಗಿದ್ದ ಗೆರೆಹಾಳೆಯ ಮೇಲೆ, ಪೆನ್ಸಿಲಿನಿಂದ, ಕಾಗುಣಿತ ತಪ್ಪುತ್ತಲೇ ಸುಪ್ರೀಂ ಕೋರ್ಟಿಗೆ ಅರ್ಜಿ ಬರೆದ. ಶುಲ್ಕ ಕಟ್ಟಲಾರದವನ ಅರ್ಜಿಯಾಗಿಯೇ ಅದು ಒಳಬಂತು. ಗಂಭೀರ ಅಪರಾಧದ ಆರೋಪ ಹೊತ್ತ ಬಡವನಿಗೆ ಸರ್ಕಾರವೇ ವಕೀಲರನ್ನು ಒದಗಿಸಬೇಕೆಂಬ 1963ರ ತೀರ್ಪು ಹುಟ್ಟಿದ್ದು ಆ ಪೆನ್ಸಿಲ್ ಬರಹದಿಂದ. ಮರುವಿಚಾರಣೆಯಲ್ಲಿ ಗಿಡಿಯನ್ ನಿರ್ದೋಷಿಯಾಗಿ ಹೊರಬಂದ.

ನಮ್ಮ ದೇಶದಲ್ಲಿ ಪರಕೀಯರ ಆಳ್ವಿಕೆಯಲ್ಲೇ, 1870ರ ಕೋರ್ಟ್ ಶುಲ್ಕ ಕಾಯ್ದೆ ಕೈದಿಯ ಅರ್ಜಿಗೆ ವಿನಾಯಿತಿ ಕೊಟ್ಟಿತ್ತು. ಸ್ವಾತಂತ್ರ್ಯಾನಂತರ ತಿಹಾರ್ ಜೈಲಿನ ಸುನಿಲ್ ಬಾತ್ರಾ, ಸಹಕೈದಿಯೊಬ್ಬ ಅನುಭವಿಸಿದ ಹಿಂಸೆಯ ಕುರಿತು ಬರೆದ ಪತ್ರವನ್ನೇ ನಮ್ಮ ಸುಪ್ರೀಂ ಕೋರ್ಟ್ ಅರ್ಜಿಯಾಗಿ ಸ್ವೀಕರಿಸಿತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಬಂಧನದಲ್ಲಿರುವವರು ಉಚಿತ ಕಾನೂನು ನೆರವಿಗೆ ಅರ್ಹರು.

ಕಾನೂನು ಇಷ್ಟು ದೂರ ಬಂದಿದೆ. ನಮ್ಮ ಮನಸ್ಸು ಬಂದಿದೆಯೇ? ‘ಒಳಗಿದ್ದಾನೆ ಎಂದರೆ ಏನೋ ಮಾಡಿರಲೇಬೇಕು’ ಎಂದು ಎಷ್ಟು ಸಲೀಸಾಗಿ ಆಡಿಬಿಡುತ್ತೇವೆ! ಆ ಮಾತಿನಲ್ಲಿ ವಿಚಾರಣೆಯೂ ಮುಗಿದಿರುತ್ತದೆ, ತೀರ್ಪೂ ಬಂದಿರುತ್ತದೆ. ಶುಲ್ಕ ಮನ್ನಾ ಮಾಡುವುದು ಸುಲಭ. ಈ ಪೂರ್ವಗ್ರಹವನ್ನು ಬಿಡುವುದು ಕಷ್ಟ. ಬಿಡದಿದ್ದರೆ ಪುಕ್ಕಟೆಯಾಗಿ ಒಳಬಂದ ಅರ್ಜಿಯೂ ಓದಿಸಿಕೊಳ್ಳದೆ ಕಡತದಲ್ಲಿ ಉಳಿಯುತ್ತದೆ. ಕೈದಿಯನ್ನು ಕೂಡಿಹಾಕುವ ಅಧಿಕಾರ ನಮ್ಮೆಲ್ಲರ ಹೆಸರಿನಲ್ಲಿ ನಡೆಯುವಂಥದ್ದು. ಹಾಗಾಗಿ ಅವನ ಮಾತನ್ನು ಆಲಿಸುವ ಖರ್ಚೂ ನಮ್ಮದೇ, ಹೊಣೆಯೂ ನಮ್ಮದೇ.